ತಲೆಪೆಟ್ಟಿನ ನಂತರದ ಆರೈಕೆ: ಬೆಂಗಳೂರಿನಿಂದ ಪುಣಜನೂರಿನವರೆಗೆ

ಮಿದುಳಿಗೆ ಪೆಟ್ಟು ಬಿದ್ದವರಿಗೆ ಕೂರುವುದು, ನಿಲ್ಲುವುದು, ನಡೆಯುವುದನ್ನು ಮತ್ತೆ ಕಲಿಸುವ ಚಿಕಿತ್ಸೆ ಬೆಳೆದದ್ದು ಎರಡು ಮಹಾಯುದ್ಧಗಳ ಗಾಯಾಳುಗಳ ನಡುವೆ. ಮೊದಲ ಯುದ್ಧದ ಕಾಲಕ್ಕೆ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಕರ್ಟ್ ಗೋಲ್ಡ್‌ಸ್ಟೈನ್, ಎರಡನೆಯ ಯುದ್ಧದ ಕಾಲಕ್ಕೆ ರಷ್ಯಾದ ಉರಲ್ ಪ್ರದೇಶದಲ್ಲಿ ಅಲೆಕ್ಸಾಂಡರ್ ಲೂರಿಯಾ, ತಲೆಗೆ ಗುಂಡು ತಗುಲಿದ ಸೈನಿಕರನ್ನು ವರ್ಷಗಟ್ಟಲೆ ಗಮನಿಸಿದರು. ಮಿದುಳಿನ ಒಂದು ಭಾಗ ಕೆಟ್ಟರೂ ಸತತ ಅಭ್ಯಾಸದಿಂದ ಕಳೆದುಹೋದ ಎಷ್ಟೋ ಕೆಲಸಗಳನ್ನು ಬೇರೆ ದಾರಿಯಲ್ಲಿ ಸಾಧಿಸಬಹುದೆಂದು ಇಂಥ ಕೆಲಸ ತೋರಿಸಿಕೊಟ್ಟಿತು.

ಭಾರತಕ್ಕೆ ಫಿಸಿಯೋಥೆರಪಿ ಬಂದದ್ದು ಪೋಲಿಯೊ ಕಾರಣದಿಂದ. ಮುಂಬಯಿಯಲ್ಲಿ ಆ ರೋಗ ಹಬ್ಬಿದಾಗ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ 1952ರಲ್ಲಿ ಕೆಇಎಂ ಆಸ್ಪತ್ರೆಯಲ್ಲಿ ತರಬೇತಿ ಶಾಲೆ ಆರಂಭವಾಯಿತು. ಪೋಲಿಯೊ ಮಕ್ಕಳಿಗಾಗಿ ಕಲಿತ ವಿದ್ಯೆ ಮುಂದೆ ಪಾರ್ಶ್ವವಾಯು ಮತ್ತು ತಲೆಪೆಟ್ಟಿನ ರೋಗಿಗಳಿಗೂ ಒದಗಿತು.

ಕರ್ನಾಟಕದಲ್ಲಿ ಈ ಚಿಕಿತ್ಸೆಯ ದೊಡ್ಡ ನೆಲೆ ಬೆಂಗಳೂರಿನ ನಿಮ್ಹಾನ್ಸ್. ಹಳೆಯ ಮೈಸೂರು ಸಂಸ್ಥಾನದ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿಕೊಂಡಿತು. ಅಲ್ಲಿ ನರಶಸ್ತ್ರಚಿಕಿತ್ಸೆಯನ್ನು ಕಟ್ಟಿ ಬೆಳೆಸಿದವರು ಡಾ. ಆರ್.ಎಂ. ವರ್ಮ. 1974ರಲ್ಲಿ ಆಸ್ಪತ್ರೆ ಮತ್ತು ಸಂಸ್ಥೆ ಒಂದಾಗಿ ನಿಮ್ಹಾನ್ಸ್ ಆದವು. ಅದೇ ವರ್ಷ ಗ್ಲಾಸ್ಗೊ ನಗರದ ಇಬ್ಬರು ವೈದ್ಯರು ಪ್ರಜ್ಞೆಯ ಮಟ್ಟವನ್ನು 3ರಿಂದ 15ರವರೆಗಿನ ಅಂಕಗಳಲ್ಲಿ ಅಳೆಯುವ ಮಾನದಂಡಕ್ಕೆ ಅಡಿಪಾಯ ಹಾಕಿದರು. ರೋಗಿ ಎಷ್ಟು ಸುಧಾರಿಸಿದ್ದಾನೆಂದು ವೈದ್ಯರು, ದಾದಿಯರು, ಫಿಸಿಯೋಥೆರಪಿಸ್ಟರು ಒಂದೇ ಲೆಕ್ಕದಲ್ಲಿ ಮಾತಾಡಲು ಇದರಿಂದ ಅನುಕೂಲವಾಯಿತು.

ತಲೆಪೆಟ್ಟಿನ ರೋಗಿಗೆ ದೀರ್ಘ ವಿಶ್ರಾಂತಿಯೇ ಮದ್ದೆಂಬ ಹಿಂದಿನ ನಂಬಿಕೆ ಕ್ರಮೇಣ ಸಡಿಲವಾಯಿತು. ಈಗ ಐಸಿಯುನಲ್ಲಿರುವಾಗಲೇ ಕೆಲಸ ಶುರುವಾಗುತ್ತದೆ. ಹಾಸಿಗೆ ಹುಣ್ಣಾಗದಂತೆ ಮಗ್ಗುಲು ಬದಲಿಸುವುದು, ಎದೆಯ ಕಫ ಹೊರತರುವುದು, ಕೀಲುಗಳು ಸೆಟೆದುಕೊಳ್ಳದಂತೆ ಕೈಕಾಲು ಆಡಿಸುವುದು, ಪಾದ ಜೋತುಬೀಳದಂತೆ ಪಟ್ಟಿ ಕಟ್ಟುವುದು ಮೊದಲ ಹಂತ. ಪ್ರಜ್ಞೆ ಮರಳಿ, ತಲೆಯೊಳಗಿನ ಒತ್ತಡ ಹತೋಟಿಗೆ ಬಂದ ಮೇಲೆ ಮಂಚದ ಅಂಚಿನಲ್ಲಿ ಕೂರಿಸಿ, ವಾಲುಮೇಜಿನ ಮೇಲೆ ನಿಲ್ಲಿಸಿ, ಸಮಾನಾಂತರ ಸರಳುಗಳ ನಡುವೆ ಹೆಜ್ಜೆ ಹಾಕಿಸುತ್ತಾರೆ. ನೆನಪು, ಗಮನ, ಸಿಟ್ಟಿನ ಹತೋಟಿಗೂ ಪೆಟ್ಟಾಗಿರುವುದರಿಂದ ಒಂದೇ ಸೂಚನೆಯನ್ನು ಚಿಕ್ಕ ಮಾತಿನಲ್ಲಿ ಹಲವು ಸಲ ಹೇಳಬೇಕಾಗುತ್ತದೆ. ಮುರಿದ ಮೂಳೆಯ ಚಿಕಿತ್ಸೆಗಿಂತ ಇದು ಬೇರೆಯಾಗುವುದು ಇಲ್ಲಿಯೇ.

ಈ ಇಡೀ ಸರಣಿ ಗಡಿಯ ಊರುಗಳಿಗೆ ತಲುಪುವುದು ಕಷ್ಟ. ಬೆಂಗಳೂರಿನಿಂದ ಕೊಳ್ಳೇಗಾಲ, ಚಾಮರಾಜನಗರದ ಮೇಲೆ ಕೊಯಮತ್ತೂರಿಗೆ ಹೋಗುವ ಹೆದ್ದಾರಿ ಕರ್ನಾಟಕದ ಗಡಿ ಮುಟ್ಟುವುದು ಬಿಳಿಗಿರಿರಂಗನ ಬೆಟ್ಟದ ಕಾಡಂಚಿನ ಪುಣಜನೂರಿನ ಬಳಿ. ಅದರಾಚೆ ಸತ್ಯಮಂಗಲದ ಕಾಡು, ದಿಂಬಂ ಘಾಟಿಯ 27 ತಿರುವುಗಳು. ಸೋಲಿಗ ಬುಡಕಟ್ಟಿನವರ ಪೋಡುಗಳಿರುವ (ಹಾಡಿಗಳಿರುವ) ಈ ಸೀಮೆಯವರಿಗೆ ತಲೆಗೆ ಪೆಟ್ಟಾದರೆ ದೊಡ್ಡ ಆಸ್ಪತ್ರೆಗೆ ಮೈಸೂರು, ಇಲ್ಲವೇ ಬೆಂಗಳೂರು ಎಂಬ ಸ್ಥಿತಿ ಬಹುಕಾಲ ಇತ್ತು. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗರಿಗೆ ವೈದ್ಯಕೀಯ ನೆರವು ತಂದಿತು. 1997ರಲ್ಲಿ ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾಯಿತು. 2008ರಲ್ಲಿ ರಾಜ್ಯದಲ್ಲಿ 108 ಆಂಬುಲೆನ್ಸ್ ಸೇವೆ ಆರಂಭವಾಯಿತು. 2016ರಲ್ಲಿ ಜಿಲ್ಲಾಕೇಂದ್ರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ತೆರೆಯಿತು.

ಅದೇ 2016ರಲ್ಲಿ ರಾಜ್ಯದಲ್ಲಿ ಬೈಕಿನ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾಯಿತು. ಅಪಘಾತಕ್ಕೀಡಾದವರಿಗೆ ಮೊದಲ 48 ಗಂಟೆ, 25,000 ರೂಪಾಯಿವರೆಗೆ ಉಚಿತ ಚಿಕಿತ್ಸೆ ಕೊಡುವ ಸಾಂತ್ವನ ಹರೀಶ್ ಯೋಜನೆಯೂ ಬಂತು. ಇವೆಲ್ಲ ಜೀವ ಉಳಿಸುವ ಕ್ರಮಗಳು. ಉಳಿದ ಜೀವ ಮತ್ತೆ ನಡೆದಾಡಲು ತಿಂಗಳುಗಳೇ ಹಿಡಿಯುತ್ತವೆ. ಅದೇ ವರ್ಷದ ಅಂಗವಿಕಲರ ಹಕ್ಕುಗಳ ಕಾಯ್ದೆ ಪುನರ್ವಸತಿ ಸೇವೆ ಒದಗಿಸುವ ಹೊಣೆಯನ್ನು ಸರ್ಕಾರಗಳ ಮೇಲೆ ಹೊರಿಸಿದೆ. ಆ ಸೇವೆ ಮನೆಬಾಗಿಲಿಗೆ ಬರುವ ತನಕ, ಬಿಡುಗಡೆಗೆ ಮುಂಚೆ ಮನೆಯವರಿಗೆ ವ್ಯಾಯಾಮಗಳನ್ನು ಅವರ ಕೈಯಿಂದಲೇ ಮಾಡಿಸಿ ಕಲಿಸುವುದು ದೂರದ ಊರಿನ ರೋಗಿಗೆ ಸಿಗುವ ಚಿಕಿತ್ಸೆಯ ಅತಿ ಮುಖ್ಯ ಭಾಗವಾಗಿ ಉಳಿಯುತ್ತದೆ.