ಕಿತ್ತೂರು ಕೋಟೆ: ಉತ್ಸವ ಗೆಲುವಿನದು, ಗೋಡೆ ಸೋಲಿನದು

ದೊಡವಾಡದ ಸುತ್ತಿನ ಊರುಗಳಲ್ಲಿ ಕಿತ್ತೂರು ಕೋಟೆ ನೋಡದವರು ಕಡಿಮೆ. ಶಾಲೆಯ ಪ್ರವಾಸಕ್ಕೋ, ಅಕ್ಟೋಬರ್‌ನ ಉತ್ಸವಕ್ಕೋ ಒಮ್ಮೆಯಾದರೂ ಹೋಗಿರುತ್ತೇವೆ. ಅಲ್ಲಿ ಮಕ್ಕಳಿಗೆ ಬರುವ ಪ್ರಶ್ನೆ ಸರಳ: "ನಾವು ಗೆದ್ದಿದ್ವಿ ಅಂತೀರಿ, ಮತ್ತ ಅರಮನಿ ಯಾಕ ಹಿಂಗ ಬಿದ್ದೈತಿ?"

ಉತ್ತರ ಮೂರು ತಿಂಗಳ ಕಥೆಯಲ್ಲಿದೆ.

1824ರ ಸೆಪ್ಟೆಂಬರ್‌ನಲ್ಲಿ ದೊರೆ ಶಿವಲಿಂಗರುದ್ರಸರ್ಜ ತೀರಿಕೊಂಡರು. ಅವರಿಗೆ ಮಕ್ಕಳಿರಲಿಲ್ಲ. ದತ್ತು ಪಡೆದದ್ದನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ, ಖಜಾನೆಗೆ ಮುದ್ರೆ ಹಾಕಿಸಿದ. ಅಕ್ಟೋಬರ್ 23ರಂದು ರಾಣಿ ಚೆನ್ನಮ್ಮನ ಪಡೆ ಕೋಟೆಯಿಂದ ಹೊರಗೆ ನುಗ್ಗಿತು. ಥ್ಯಾಕರೆ ಸತ್ತ. ಎಲಿಯಟ್, ಸ್ಟೀವನ್‌ಸನ್ ಎಂಬ ಇಬ್ಬರು ಅಧಿಕಾರಿಗಳು ಸೆರೆಸಿಕ್ಕರು. ಉತ್ಸವ ನಡೆಯುವುದು ಈ ದಿನದ ನೆನಪಿಗೆ.

ಡಿಸೆಂಬರ್‌ನಲ್ಲಿ ಕಥೆ ತಿರುಗಿತು. ಸೆರೆಯಾಳುಗಳನ್ನು ಬಿಟ್ಟರೆ ಯುದ್ಧ ನಿಲ್ಲುತ್ತದೆ ಎಂದು ನಂಬಿ ಕಿತ್ತೂರಿನವರು ಅವರನ್ನು ಬಿಟ್ಟುಕೊಟ್ಟರು. ಕಮಿಷನರ್ ಚಾಪ್ಲಿನ್ ಯುದ್ಧ ನಿಲ್ಲಿಸಲಿಲ್ಲ. ದೊಡ್ಡ ಸೈನ್ಯ, ತೋಪುಗಳ ಮುಂದೆ ಕೋಟೆ ಬಿತ್ತು. ಚೆನ್ನಮ್ಮನನ್ನು ಬೈಲಹೊಂಗಲದಲ್ಲಿ ಸೆರೆಯಿಟ್ಟರು. 1829ರ ಫೆಬ್ರುವರಿ 2ರಂದು ಅಲ್ಲೇ ತೀರಿಕೊಂಡಳು.

ಈಗ ಕೋಟೆಯೊಳಗೆ ವಸ್ತುಸಂಗ್ರಹಾಲಯವಿದೆ. ಕತ್ತಿ, ಯುದ್ಧದ ಅಂಗಿಗಳ ಜೊತೆ ಅರಮನೆಯ ಕಟ್ಟಿಗೆಯ ಬಾಗಿಲು ಚೌಕಟ್ಟು, ಕಿಟಕಿಗಳೂ ಇವೆ. ಮಕ್ಕಳು ಕತ್ತಿಯ ಮುಂದೆ ನಿಲ್ಲುತ್ತಾರೆ. ಒಂದಿಷ್ಟು ಹೊತ್ತು ಆ ಚೌಕಟ್ಟಿನ ಮುಂದೆಯೂ ನಿಲ್ಲಿಸಿ. ಹೊರಗೆ ಬಂದರೆ ಛತ್ತಿಲ್ಲದ ಗೋಡೆ, ದುಂಡನೆಯ ಬಾವಿ, ಸ್ನಾನದ ತೊಟ್ಟಿ, ಧ್ರುವ ನಕ್ಷತ್ರ ನೋಡುವ ಕಿಂಡಿ ಕಾಣುತ್ತವೆ. ಒಂದು ಸಂಸ್ಥಾನ ಹೇಗೆ ಬದುಕಿತ್ತು, ಸೋತಾಗ ಏನೇನು ಹೋಯಿತು ಎಂಬುದನ್ನು ಹೇಳುವುದು ಇವೇ.

ಸಂಗ್ರಹಾಲಯದಲ್ಲಿ ಸುತ್ತಲ ಊರುಗಳ ಹಳೆಯ ಶಿಲ್ಪಗಳು, ಶಾಸನಗಳೂ ಇವೆ. ಇಲ್ಲೊಂದು ವಿಚಿತ್ರ ನಂಟಿದೆ. ಕಿತ್ತೂರಿನ ಸೆರೆಯಾಳು ವಾಲ್ಟರ್ ಎಲಿಯಟ್ ಮುಂದೆ ಕನ್ನಡ ನಾಡಿನ ನೂರಾರು ಶಾಸನಗಳ ಪ್ರತಿ ಮಾಡಿಸಿದ. ಅವನು ಆಂಧ್ರದ ಅಮರಾವತಿಯಲ್ಲಿ ತೆಗೆಸಿದ ಬೌದ್ಧ ಶಿಲ್ಪಗಳು ಇವತ್ತಿಗೂ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಕಿತ್ತೂರಿನ ಬಾಗಿಲುಗಳು ಮಾತ್ರ ಕಿತ್ತೂರಿನಲ್ಲೇ ಉಳಿದಿವೆ. ನಮ್ಮ ಮಕ್ಕಳು ಬಸ್ಸಿನಲ್ಲಿ ಹೋಗಿ ನೋಡಿ ಬರಬಹುದು.

ಕೋಟೆ ಬಿದ್ದ ಮೇಲೂ ಹೋರಾಟ ಮುಗಿಯಲಿಲ್ಲ. ದೊಡವಾಡಕ್ಕೆ ಹತ್ತಿರದ ಸಂಗೊಳ್ಳಿಯ ರಾಯಣ್ಣ ಊರೂರಿನ ಜನರನ್ನು ಕೂಡಿಸಿಕೊಂಡು ಸರ್ಕಾರಿ ಕಚೇರಿ, ಖಜಾನೆಗಳ ಮೇಲೆ ಬಿದ್ದ. ಹೊಲ ಕಳೆದುಕೊಂಡ ರೈತರ ಸಿಟ್ಟೂ ಅದರಲ್ಲಿತ್ತು. 1831ರಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು.

ಹಾಗಾಗಿ ಈ ಸಲ ಕಿತ್ತೂರು ನೋಡಿ ಅಷ್ಟಕ್ಕೇ ತಿರುಗಿ ಬರಬೇಡಿ. ಬೈಲಹೊಂಗಲದ ಚೆನ್ನಮ್ಮನ ಸಮಾಧಿ, ಸಂಗೊಳ್ಳಿ, ಆದರೆ ನಂದಗಡವನ್ನೂ ಸೇರಿಸಿಕೊಳ್ಳಿ. ಮಕ್ಕಳ ಪ್ರಶ್ನೆಗೆ ಪೂರ್ತಿ ಉತ್ತರ ಸಿಗುವುದು ಈ ನಾಲ್ಕೂ ಊರು ಸುತ್ತಿದಾಗಲೇ.