ಪುಣೆಯ ಆಕಾಶ ವೀಕ್ಷಕರು

ಪುಣೆಯ ಆಕಾಶಾಸಕ್ತಿಗೆ ಪಂಚಾಂಗದ ವಾದವೂ ಒಂದು ಬೇರು. ಪಂಚಾಂಗ ಗಣನೆಯ ಹಳೆಯ ಕರಣಗ್ರಂಥಗಳ ಲೆಕ್ಕಕ್ಕೂ ಕಣ್ಣಿಗೆ ಕಾಣುವ ಗ್ರಹಸ್ಥಿತಿಗೂ ತಾಳೆ ಬೀಳುತ್ತಿರಲಿಲ್ಲ. ಪ್ರಾಧ್ಯಾಪಕ ಕೇರೋ ಲಕ್ಷ್ಮಣ ಛತ್ರೆ 1860ರಲ್ಲಿ ಗ್ರಹಗಣಿತದ ಹೊಸ ಕೋಷ್ಟಕಗಳನ್ನು ಮರಾಠಿಯಲ್ಲಿ ಪ್ರಕಟಿಸಿದರು. ಅವರ ಶಿಷ್ಯರಾದ ಬಾಲಗಂಗಾಧರ ತಿಲಕರು ಪಂಚಾಂಗ ಸುಧಾರಣೆಯ ಕೆಲಸ ಮುಂದುವರಿಸಿದರು. ನರಗುಂದದಲ್ಲಿ ಹುಟ್ಟಿದ ವೆಂಕಟೇಶ ಬಾಪೂಜಿ ಕೇತಕರರೂ ಕಣ್ಣಿಗೆ ಕಾಣುವುದಕ್ಕೆ ತಾಳೆಯಾಗುವ ದೃಗ್ಗಣಿತದ ಪರವೇ. ಆದರೆ ರಾಶಿಚಕ್ರದ ಆರಂಭಬಿಂದುವಿನಲ್ಲಿ ಭಿನ್ನಮತ. ತಿಲಕರದು ರೇವತಿ ನಕ್ಷತ್ರವನ್ನು ಆಧರಿಸಿದ ರೈವತ ಪಕ್ಷ, ಕೇತಕರರದು ಚಿತ್ರಾ ನಕ್ಷತ್ರವನ್ನು ಆಧರಿಸಿದ ಚಿತ್ರಾ ಪಕ್ಷ. ನೆಪ್ಚೂನಿನ ಆಚೆಗೂ ಗ್ರಹವಿರಬೇಕೆಂದು ಕೇತಕರರು 1911ರಲ್ಲೇ ಬರೆದಿದ್ದರು. ಪ್ಲೂಟೊ ಪತ್ತೆಯಾದದ್ದು 1930ರಲ್ಲಿ, ಅವರು ತೀರಿಕೊಂಡ ವರ್ಷ.

ದೂರದರ್ಶಕದ ಕಥೆ ಬೇರೆ. ಭಾವನಗರದ ಮಹಾರಾಜ ತಖ್ತಸಿಂಗಜಿಯವರ ದೇಣಿಗೆಗೆ ಮುಂಬಯಿ ಸರ್ಕಾರದ ಹಣವೂ ಸೇರಿ, 1888ರಲ್ಲಿ ಪುಣೆಯ ವಿಜ್ಞಾನ ಕಾಲೇಜಿನಲ್ಲಿ ವೀಕ್ಷಣಾಲಯ ಸಿದ್ಧವಾಯಿತು. ಅದನ್ನು ನಡೆಸಿದವರು ಪಾರಸಿ ಪ್ರಾಧ್ಯಾಪಕ ಕಾವಸಜಿ ದಾದಾಭಾಯಿ ನಾಯಗಾಂವಾಲಾ. ಅಲ್ಲಿನ 20 ಇಂಚಿನ ದರ್ಪಣ ದೂರದರ್ಶಕ ಬಹುಕಾಲ ದೇಶದಲ್ಲೇ ಅತಿ ದೊಡ್ಡದಾಗಿತ್ತು. 1898ರ ಜನವರಿ 22ರ ಪೂರ್ಣ ಸೂರ್ಯಗ್ರಹಣವನ್ನು ಅವರ ತಂಡ ಸೊಲ್ಲಾಪುರ ಸೀಮೆಯ ಜೇವೂರಿನಲ್ಲಿ ಬೀಡುಬಿಟ್ಟು ದಾಖಲಿಸಿತು. 1912ರಲ್ಲಿ ನಾಯಗಾಂವಾಲಾ ನಿವೃತ್ತರಾದರು, ವೀಕ್ಷಣಾಲಯಕ್ಕೂ ಬೀಗ ಬಿತ್ತು, ಉಪಕರಣಗಳು ಕೊಡೈಕನಾಲಿಗೆ ಹೋದವು. ರಾಜಾಶ್ರಯ, ಸರ್ಕಾರದ ನೆರವು ಎರಡೂ ಇದ್ದ ಸಂಸ್ಥೆ ನಿಂತಿದ್ದದ್ದು ಒಬ್ಬರ ಹೆಗಲ ಮೇಲೆ.

ಮುಂದಿನ ಮೂರು ದಶಕ ಈ ಬಗೆಯ ವೀಕ್ಷಣಾಲಯ ನಗರಕ್ಕೆ ಇರಲಿಲ್ಲ. 1944ರ ಆಗಸ್ಟ್ 22ರಂದು ಹವ್ಯಾಸಿಗಳೇ ಸೇರಿ ಜ್ಯೋತಿರ್ವಿದ್ಯಾ ಪರಿಸಂಸ್ಥೆಯನ್ನು ಕಟ್ಟಿದರು. ಮಳೆಗಾಲದ ನಡುವೆ, ಪುಣೆಯಲ್ಲಿ ನಕ್ಷತ್ರ ಕಾಣುವುದೇ ಅಪರೂಪವಾದ ತಿಂಗಳಲ್ಲಿ! ಭಾರತದ ಅತ್ಯಂತ ಹಳೆಯ ಹವ್ಯಾಸಿ ಖಗೋಳ ಸಂಘವೆಂದು ಹೆಸರಾದ ಇದರ ನೆಲೆ ತಿಲಕ ರಸ್ತೆಯ ತಿಲಕ ಸ್ಮಾರಕ ಮಂದಿರ. ಪದಾಧಿಕಾರಿಗಳು ಬದಲಾದರೂ ಸಂಘ ಉಳಿಯಿತು. ವೀಕ್ಷಣಾಲಯ ಕಾಣದ ಬಾಳಿಕೆ ಇದಕ್ಕೆ ದಕ್ಕಿದ್ದು ಸದಸ್ಯರ ಬಿಡುವಿನ ವೇಳೆಯಿಂದಲೇ. ಅದೇ ರಸ್ತೆಯ ನ್ಯೂ ಇಂಗ್ಲಿಷ್ ಶಾಲೆಯಲ್ಲಿ 1954ರಲ್ಲಿ ಕುಸುಮಬಾಯಿ ಮೋತಿಚಂದ್ ತಾರಾಲಯ ತೆರೆಯಿತು. ಶಾಲೆಯ ಮಕ್ಕಳಿಗೆ ಹಗಲಿನಲ್ಲೂ ರಾಶಿಗಳ ಪರಿಚಯವಾಗತೊಡಗಿತು.

1988ರಲ್ಲಿ ಜಯಂತ ನಾರಳೀಕರರ ನೇತೃತ್ವದಲ್ಲಿ ಖಗೋಳ ಸಂಶೋಧನಾ ಕೇಂದ್ರವಾದ ಆಯುಕಾ ಪುಣೆಯಲ್ಲಿ ಸ್ಥಾಪನೆಯಾದ ಮೇಲೆ ವೃತ್ತಿಪರ ವಿಜ್ಞಾನಿಗಳೂ ಹವ್ಯಾಸಿಗಳೂ ಹತ್ತಿರವಾದರು. ಆಯುಕಾದಲ್ಲಿ ಸಾರ್ವಜನಿಕ ಉಪನ್ಯಾಸಗಳ ಜೊತೆಗೆ ದೂರದರ್ಶಕ ತಯಾರಿಸುವ ಕಮ್ಮಟಗಳೂ ನಡೆದವು. ಕನ್ನಡಿಯನ್ನು ಕೈಯಿಂದ ಉಜ್ಜಿ ಬೇಕಾದ ಬಾಗು ತರುವುದು ತಾಳ್ಮೆ ಬೇಡುವ ಕೆಲಸ. ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಆಯುಕಾದ ಬಾಗಿಲು ಜನರಿಗೆ ತೆರೆಯುತ್ತದೆ. ಆಗ ನಾರಾಯಣಗಾಂವ್ ಬಳಿಯ ಖೋಡದದಲ್ಲಿರುವ, 45 ಮೀಟರ್ ವ್ಯಾಸದ 30 ತಟ್ಟೆಗಳ ರೇಡಿಯೊ ದೂರದರ್ಶಕ ನೋಡಲೂ ಜನ ಹೋಗುತ್ತಾರೆ. ನಗರದ ರೇಡಿಯೊ ಗದ್ದಲ ತಪ್ಪಿಸಲು ಅದು ಊರಾಚೆ ಹೋಯಿತು. ಬೀದಿದೀಪಗಳ ಬೆಳಕಿನಿಂದಾಗಿ ಹವ್ಯಾಸಿಗಳೂ ಅದೇ ದಾರಿ ಹಿಡಿದಿದ್ದಾರೆ: ಚಂದ್ರ, ಗುರು, ಶನಿಗಳನ್ನು ತೋರಿಸಲು ನಗರದ ಮೈದಾನ ಸಾಕು, ಮಸುಕಾದ ನೀಹಾರಿಕೆಗಳಿಗಾಗಿ ಅಮಾವಾಸ್ಯೆಯ ಆಸುಪಾಸಿನ ರಾತ್ರಿಗಳಲ್ಲಿ ಊರ ಹೊರಗಿನ ಶಿಬಿರ.