ಮಂಡಿ ಸಂಧಿವಾತವುಳ್ಳ ಸವಾರರಿಗಾಗಿ ಮೋಟಾರ್‌ಸೈಕಲ್ ಮಾರ್ಪಾಡು

ಜನರು ಮಂಡಿ ಸವೆತವೆಂದು ಕರೆಯುವ ಸಂಧಿವಾತದಲ್ಲಿ, ಕೀಲಿನೊಳಗೆ ಮೂಳೆಗಳ ತುದಿಯನ್ನು ಹೊದ್ದಿರುವ ಮೃದ್ವಸ್ಥಿ ಎಂಬ ನುಣುಪಾದ ಪದರವು ಕ್ರಮೇಣ ತೆಳುವಾಗಿ ನೋವೂ ಬಿಗಿತವೂ ಉಂಟಾಗುತ್ತವೆ. ಇಂಥ ಸವಾರರ ವಾಹನವನ್ನು ಬದಲಿಸುವ ಮೊದಲು ನೋಯುವುದು ಯಾವ ಕಾಲು, ಯಾವ ಚಲನೆಯಲ್ಲಿ ಎಂಬುದನ್ನು ಗುರುತಿಸಬೇಕಾಗುತ್ತದೆ. ಏಕೆಂದರೆ ಮಡಚುವುದು, ಎತ್ತುವುದು, ತಿರುಚುವುದು, ಭಾರ ಹೊರುವುದು ಎಂಬ ಕೆಲಸಗಳನ್ನು ಮೋಟಾರ್‌ಸೈಕಲ್ ಎರಡೂ ಕಾಲುಗಳಿಗೆ ಸಮನಾಗಿ ಹಂಚುವುದಿಲ್ಲ.

ಕೂರುವ ಭಂಗಿ

ಮಂಡಿ ಎಷ್ಟು ಮಡಚಬೇಕೆಂಬುದನ್ನು ಸೀಟಿಗೂ ಫುಟ್‌ರೆಸ್ಟಿಗೂ ನಡುವಿನ ಅಂತರ ನಿರ್ಧರಿಸುತ್ತದೆ. ಮಡಚಿದಷ್ಟೂ ಮಂಡಿಚಿಪ್ಪಿನ ಹಿಂಭಾಗದ ಒತ್ತಡ ಸಾಮಾನ್ಯವಾಗಿ ಹೆಚ್ಚುವುದರಿಂದ ಫುಟ್‌ರೆಸ್ಟನ್ನು ಕೆಳಗೆ ಇಳಿಸುವುದು ಅಥವಾ ಮುಂದಕ್ಕೆ ಸರಿಸುವುದು ಮೊದಲ ಪರಿಹಾರ. ಅತಿಯಾಗಿ ಇಳಿಸಿದರೆ ತಿರುವಿನಲ್ಲಿ ವಾಹನ ವಾಲಿದಾಗ ಫುಟ್‌ರೆಸ್ಟ್ ರಸ್ತೆಗೆ ತಾಗುತ್ತದೆ; ತೀರ ಮುಂದಕ್ಕೆ ಸರಿಸಿದರೆ ಮೈಭಾರವೆಲ್ಲ ಸೊಂಟಕ್ಕೆ ಬೀಳುತ್ತದೆ. ಸೀಟಿಗೆ ದಪ್ಪ ಫೋಮ್ ಹಾಕಿಸಿ ಎತ್ತರಿಸುವುದೂ ಮಂಡಿಯನ್ನು ಸಡಿಲಿಸುತ್ತದೆಯಾದರೂ, ನಿಲ್ಲಿಸಿದಾಗ ಪಾದ ನೆಲಕ್ಕೆ ಪೂರ್ತಿ ಊರದಿದ್ದರೆ ಆ ಅನುಕೂಲ ಅಪಾಯವಾಗಿ ಪರಿಣಮಿಸಬಹುದು.

ಕಿಕ್ಕರ್ ಮತ್ತು ಗೇರ್ ಲಿವರ್

ಭಾರತದ ರಸ್ತೆಗಳಲ್ಲಿ ಇಂದಿಗೂ ಓಡುತ್ತಿರುವ ಹಳೆಯ ವಾಹನಗಳಲ್ಲಿ ಮಂಡಿಗೆ ಹೆಚ್ಚು ಹೊರೆಯಾಗುವುದು ಸವಾರಿಗಿಂತಲೂ ಎಂಜಿನ್ ಚಾಲೂ ಮಾಡುವ ಕೆಲಸ. ಮದ್ರಾಸಿನಲ್ಲಿ 1955ರಿಂದ ತಯಾರಾದ ರಾಯಲ್ ಎನ್‌ಫೀಲ್ಡ್ ಬುಲೆಟ್‌ನ 346 ಸಿ.ಸಿ. ಎಂಜಿನ್ನಿನಲ್ಲಿ ಸಿಲಿಂಡರಿನ ವ್ಯಾಸ 70 ಮಿ.ಮೀ., ಪಿಸ್ಟನ್ನಿನ ಓಟ 90 ಮಿ.ಮೀ. ಇದ್ದು, ಒಂದೇ ದೊಡ್ಡ ಪಿಸ್ಟನ್ನಿನ ಒತ್ತಡವನ್ನು ಬಲಗಾಲು ದಾಟಿಸಬೇಕಾಗಿತ್ತು. ಅದಕ್ಕಾಗಿ ಸವಾರನು ವಿದ್ಯುತ್ ಪ್ರವಾಹ ತೋರಿಸುವ ಆಮ್ಮೀಟರಿನ ಮುಳ್ಳು ನಡುವಿಗೆ ಬರುವವರೆಗೆ ಕಿಕ್ಕರನ್ನು ಮೆಲ್ಲಗೆ ಒತ್ತಿ, ಸಿಲಿಂಡರಿನೊಳಗಿನ ಒತ್ತಡವನ್ನು ಹೊರಬಿಡುವ ಡಿಕಂಪ್ರೆಸರ್ ಹಿಡಿದು ಪಿಸ್ಟನ್ನನ್ನು ತುಸು ಮುಂದೆ ಸಾಗಿಸಿ, ಬಳಿಕವೇ ಪೂರ್ತಿಯಾಗಿ ಒದೆಯುತ್ತಿದ್ದನು. ಕಿಡಿ ಬೇಗ ಹೊತ್ತಿದರೆ ಕಿಕ್ಕರ್ ರಭಸದಿಂದ ಹಿಂದೆ ಬಡಿಯುತ್ತಿತ್ತು. ಒದೆಯುವ ಬಲಗಾಲಿನಷ್ಟೇ, ಆ ಕ್ಷಣದಲ್ಲಿ ಮೈಭಾರ ಹೊತ್ತು ತಿರುಚಿಕೊಳ್ಳುವ ಎಡಗಾಲೂ ದಣಿಯುತ್ತದೆಂಬುದನ್ನು ಹಲವರು ಗಮನಿಸುವುದಿಲ್ಲ.

ಆ ಬುಲೆಟ್‌ನಲ್ಲಿ ಗೇರ್ ಬಲಕ್ಕೂ ಹಿಂದಿನ ಬ್ರೇಕ್ ಎಡಕ್ಕೂ ಇದ್ದವು. ಜೊತೆಗೆ ಎರಡನೆಯ ಅಥವಾ ಅದಕ್ಕೂ ಮೇಲಿನ ಗೇರಿನಿಂದ ನೇರವಾಗಿ ನ್ಯೂಟ್ರಲ್‌ಗೆ ತರುವ, ಹಿಮ್ಮಡಿಯಿಂದ ಒತ್ತುವ ಪ್ರತ್ಯೇಕ ಲಿವರ್ ಇತ್ತು. ಪದೇಪದೇ ಪಾದ ಎತ್ತುವುದನ್ನು ತಪ್ಪಿಸುವ ಈ ಲಿವರ್ ನೋಯುವ ಮಂಡಿಗೆ ನಿಜವಾದ ಉಪಕಾರಿ. ಮೈಸೂರಿನಲ್ಲಿ 1996ರವರೆಗೆ ತಯಾರಾದ ಜಾವಾ ಮತ್ತು ಯೆಜ್ಡಿಗಳಲ್ಲಿ ಎಡಬದಿಯ ಒಂದೇ ಲಿವರ್ ಹಿಂದಕ್ಕೆ ತಿರುಗಿಸಿದರೆ ಕಿಕ್ಕರ್, ಮುಂದಕ್ಕೆ ತಂದರೆ ಗೇರ್ ಆಗುತ್ತಿತ್ತು. ಎರಡು ಸ್ಟ್ರೋಕಿನ ಆ ಎಂಜಿನ್ನಿಗೆ ಬುಲೆಟ್‌ನಷ್ಟು ಬಲ ಬೇಕಿರಲಿಲ್ಲವಾದರೂ ಎಡ ಮಂಡಿ ಸವೆದವರಿಗೆ ಅದು ಸೂಕ್ತವೆನ್ನಲಾಗದು. ಇಂಥ ಹಳೆಯ ವಾಹನಗಳನ್ನು ಉಳಿಸಿಕೊಳ್ಳಬಯಸುವವರಿಗೆ ಸೆಲ್ಫ್ ಸ್ಟಾರ್ಟ್ ಜೋಡಣೆಯೇ ಅತ್ಯಂತ ಬೆಲೆಯುಳ್ಳ ಮಾರ್ಪಾಡು.

ಇತರ ಮಾರ್ಪಾಡುಗಳು

ಹಿಮ್ಮಡಿ ಮತ್ತು ಬೆರಳು ಎರಡರಿಂದಲೂ ಒತ್ತಬಹುದಾದ ಗೇರ್ ಲಿವರ್ ಪಾದವನ್ನು ಲಿವರಿನಡಿ ತೂರಿಸಿ ಎತ್ತುವ ಶ್ರಮವನ್ನು ತಪ್ಪಿಸುತ್ತದೆ. ಹಿಂದಿನ ಬ್ರೇಕ್ ಬಲಕ್ಕಿರುವ ವಾಹನದಲ್ಲಿ ಬಲ ಮಂಡಿ ದುರ್ಬಲವಾಗಿದ್ದರೆ ಆ ಬ್ರೇಕನ್ನು ಹ್ಯಾಂಡಲ್‌ಗೆ ತರಬಹುದು. ಸೈಡ್ ಸ್ಟ್ಯಾಂಡ್ ಎಡಕ್ಕಿರುವುದರಿಂದ ಹತ್ತುವಾಗ ಎಡಗಾಲು ಭಾರ ಹೊರುತ್ತದೆ, ಬಲಗಾಲು ಸೀಟಿನ ಮೇಲಿಂದ ದಾಟುತ್ತದೆ. ಹಿಂಬದಿಯ ಎತ್ತರದ ಕ್ಯಾರಿಯರ್ ಬಿಚ್ಚಿದರೆ ಬಲಗಾಲಿನ ಕೆಲಸವಾದರೂ ಹಗುರವಾಗುತ್ತದೆ. ಬಹುಹೊತ್ತು ಒಂದೇ ಕೋನದಲ್ಲಿ ಮಡಚಿಟ್ಟ ಮಂಡಿ ಬಿಗಿಯುವುದರಿಂದ, ಲೆಗ್ ಗಾರ್ಡಿಗೆ ಹೆಚ್ಚುವರಿ ಫುಟ್‌ರೆಸ್ಟ್ ಜೋಡಿಸಿ ಖಾಲಿ ಹೆದ್ದಾರಿಯಲ್ಲಿ ಕಾಲು ಚಾಚುವವರುಂಟು. ಆದರೆ ಆಗ ಪಾದವು ಬ್ರೇಕಿನಿಂದ ದೂರವಾಗುತ್ತದೆ.

ಕಾನೂನು

ನೋಂದಣಿ ಪತ್ರದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನ ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ. ದೈಹಿಕ ನ್ಯೂನತೆಯುಳ್ಳವರಿಗಾಗಿ ಮಾರ್ಪಡಿಸಿದ ವಾಹನಕ್ಕೆ ಕಾಯ್ದೆಯಲ್ಲಿ ಪ್ರತ್ಯೇಕ ವ್ಯಾಖ್ಯೆಯಿದೆ. ಆದ್ದರಿಂದ ಬ್ರೇಕಿನಂಥ ಸುರಕ್ಷತಾ ಭಾಗಗಳನ್ನು ಮುಟ್ಟುವ ಮುನ್ನ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ.

ಎರಡೂ ಮಂಡಿಗಳು ತೀವ್ರವಾಗಿ ಸವೆದಿರುವವರಿಗೆ, ಎರಡೂ ಬ್ರೇಕುಗಳು ಕೈಯಲ್ಲಿರುವ ಮತ್ತು ಕಾಲು ದಾಟಿಸಬೇಕಿಲ್ಲದ ಗೇರ್‌ರಹಿತ ಸ್ಕೂಟರ್, ಮಾರ್ಪಡಿಸಿದ ಮೋಟಾರ್‌ಸೈಕಲ್‌ಗಿಂತ ಉತ್ತಮ ಆಯ್ಕೆ.